ಚಳಿಯಿಲ್ಲದ ಊರಲ್ಲಿ ಉಣ್ಣೆಯ ಉಂಡೆ

ಸ್ವೆಟರ್ ತೊಡುವಷ್ಟು ಚಳಿ ಮುಂಬಯಿಗೆ ವರ್ಷಕ್ಕೆ ನಾಲ್ಕು ದಿನ ಬಂದರೆ ದೊಡ್ಡದು. ಆದರೂ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಹೆಣಿಗೆಯ ಕಡ್ಡಿಗಳು ವರ್ಷವಿಡೀ ಆಡುತ್ತಿರುತ್ತವೆ. ಅಲ್ಲೇ ಕೂತು ಹೆಣೆಯಲು ಕಲಿತ, ಅದಕ್ಕಿಂತ ಹೆಚ್ಚಾಗಿ ಬಿಚ್ಚಲು ಕಲಿತ ಕಥೆ ಇದು.

ಉಂಡೆ ಉರುಳಿದ್ದು ಮುಂಬ್ರಾ ದಾಟಿದ ಮೇಲೆ.

ರೈಲು ಒಂದು ಕಡೆ ವಾಲಿದ್ದೇ ತಡ, ಮಡಿಲಲ್ಲಿದ್ದ ಉಂಡೆ ಜಾರಿ, ಎದುರು ಸೀಟಿನ ಕೆಳಗೆ ನುಗ್ಗಿ, ಮೆಂತ್ಯೆ ಸೊಪ್ಪು ಸೋಸುತ್ತಿದ್ದವಳ ಚೀಲವನ್ನು ಒಂದು ಸುತ್ತು ಹಾಕಿ ಬಾಗಿಲಿನತ್ತ ಹೊರಟಿತು. ಕೆಂಪು ನೂಲಿನ ಒಂದು ತುದಿ ನನ್ನ ಕಡ್ಡಿಯಲ್ಲಿ, ಇನ್ನೊಂದು ತುದಿ ಡಬ್ಬಿಯ ಆಚೆ ಮೂಲೆಯಲ್ಲಿ. ನಡುವೆ ಹದಿನೈದು ಹೆಂಗಸರ ಕಾಲುಗಳು.

“ಪಾಯ್ ಉಚಲಾ, ಪಾಯ್ ಉಚಲಾ!” ಎಂದು ಯಾರೋ ಕೂಗಿದರು. ಇಡೀ ಸಾಲು ಕಾಲೆತ್ತಿತು. ನಿದ್ದೆ ಹೋಗಿದ್ದವಳೂ ಕಣ್ಣು ಬಿಡದೆ ಕಾಲೆತ್ತಿದಳು. ಬಾಗಿಲ ಬಳಿ ನಿಂತಿದ್ದ ಕಾಲೇಜು ಹುಡುಗಿ ಉಂಡೆಯನ್ನು ಚಪ್ಪಲಿಯಿಂದ ತಡೆದು, ಎತ್ತಿ, ಒರೆಸಿ, ಕೈಯಿಂದ ಕೈಗೆ ದಾಟಿಸಿದಳು. ಅದು ನನ್ನ ಹತ್ತಿರ ಬರುವಷ್ಟರಲ್ಲಿ ಕಳ್ವಾ ಸ್ಟೇಷನ್ನೂ ಬಂದಿತ್ತು.

ಕಿಟಕಿ ಪಕ್ಕದ ಹೆಂಗಸು ಆವರೆಗೆ ಒಂದು ಮಾತೂ ಆಡಿರಲಿಲ್ಲ. ತನ್ನ ಹೆಣಿಗೆಯಿಂದ ತಲೆಯೆತ್ತದೆ ಕೇಳಿದರು: “ಕನ್ನಡದಾಕಿ ಏನ ನೀ? ಈಗ ‘ಅಯ್ಯೋ ದೇವರ’ ಅಂದಿ.”

ಅವರು ಸೊಲ್ಲಾಪುರದವರು. ಮುಂಬಯಿಯ ಕೋಟೆ ಪ್ರದೇಶದ ಬ್ಯಾಂಕೊಂದರಲ್ಲಿ ಕೆಲಸ, ನಿವೃತ್ತಿಗೆ ಎರಡು ವರ್ಷ ಬಾಕಿ. ಡಬ್ಬಿಯವರೆಲ್ಲ ಕಾಕೂ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಧಾರವಾಡದವಳಾದ ನನಗೆ ಅದು ಮನೆಯ ಮಾತೇ. ಅವರು ನನ್ನ ಕೈಯಲ್ಲಿದ್ದದ್ದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಮಫ್ಲರ್ ಎಂದು ಶುರುಮಾಡಿದ್ದು ಅದು. ಕೆಳಗೆ ಅಂಗೈಯಗಲ ಇದ್ದದ್ದು ಮೇಲೆ ಹೋಗುತ್ತ ಮೊರದ ಆಕಾರಕ್ಕೆ ಬಂದಿತ್ತು.

“ಎಷ್ಟು ಏರಿಸಿದ್ದಿ?”

“ಇಪ್ಪತ್ತು.”

ಹೆಬ್ಬೆರಳಿನಿಂದ ಒಂದೊಂದೇ ಕುಣಿಕೆ ಸರಿಸುತ್ತ ಎಣಿಸಿದರು. ಇಪ್ಪತ್ತೊಂಬತ್ತು.

* * *

ಮುಂಬಯಿಯಲ್ಲಿ ಉಣ್ಣೆ ಹಿಡಿದು ಕೂರುವುದೆಂದರೆ ಮೊದಲು ನಗೆಪಾಟಲಿಗೆ ಸಿದ್ಧಳಾಗಬೇಕು. ಇಲ್ಲಿ ಜನವರಿಯಲ್ಲೂ ಕನಿಷ್ಠ ಉಷ್ಣಾಂಶ ಸರಾಸರಿ ಹದಿನಾರು, ಹದಿನೇಳು ಡಿಗ್ರಿ. ಅದು ಹದಿನಾಲ್ಕಕ್ಕೆ ಇಳಿದರೆ ಪತ್ರಿಕೆಗಳ ಮುಖಪುಟದಲ್ಲಿ ಚೌಪಾಟಿಯ ಮಂಕಿ ಕ್ಯಾಪುಗಳ ಫೋಟೊ. ಊರಿನ ದಾಖಲೆ ಸಾಂತಾಕ್ರೂಜ್ ವೀಕ್ಷಣಾಲಯದ್ದು: 1962ರ ಜನವರಿ 22ರಂದು 7.4 ಡಿಗ್ರಿ. ಅರವತ್ತು ವರ್ಷ ಕಳೆದರೂ ಆ ಅಂಕಿಯನ್ನು ಹಿರಿಯರು ತಮ್ಮ ಮದುವೆಯ ತಾರೀಖಿನಷ್ಟೇ ಸಲೀಸಾಗಿ ಹೇಳುತ್ತಾರೆ.

ಹೆಣೆಯುವವರಿಗೆ ಜಗತ್ತಿನಲ್ಲೊಂದು ಹಬ್ಬದ ದಿನವೂ ಇದೆ, ಗೊತ್ತೇ? ನಾಲ್ಕು ಜನರ ಎದುರು ಬಯಲಲ್ಲಿ ಕೂತು ಹೆಣೆಯುವ ದಿನ. 2005ರಲ್ಲಿ ಶುರುವಾದದ್ದು, ಜೂನ್ ತಿಂಗಳ ಎರಡನೇ ಶನಿವಾರ ಬರುತ್ತದೆ. ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ತಾರೀಖು ಜೂನ್ 11. ಬಯಲಲ್ಲಿ ಕೂತರೆ ಹೆಣಿಗೆಯನ್ನು ಹಿಂಡಿ ಒಣಹಾಕಬೇಕಾಗುತ್ತದೆ.

ಹಾಗಾದರೆ ಇಲ್ಲಿಯ ಹೆಂಗಸರು ಯಾರಿಗಾಗಿ ಹೆಣೆಯುತ್ತಾರೆ? ನಾಸಿಕದ ತವರಿಗೆ, ಪುಣೆಯ ಮಗಳಿಗೆ, ನ್ಯೂಜೆರ್ಸಿಯ ಮೊಮ್ಮಗನಿಗೆ. ಏಸಿ ಹಾಕಿ ಕೊರೆಯುವ ಆಫೀಸಿಗೆ. 2017ರ ಕ್ರಿಸ್‌ಮಸ್ ದಿನ ಪಶ್ಚಿಮ ರೈಲ್ವೆಯಲ್ಲಿ ಮೊದಲ ಏಸಿ ಲೋಕಲ್ ಓಡಿದ ಮೇಲಂತೂ ಶಾಲಿಗೆ ರೈಲಿನಲ್ಲೂ ಕೆಲಸ ಸಿಕ್ಕಿತು. ಆದರೆ ಹೆಚ್ಚಿನವರು ಹೆಣೆಯುವುದು ಕೈಗೆ ಸುಮ್ಮನಿರಲು ಬಾರದ್ದಕ್ಕೆ. ಡೊಂಬಿವಲಿಯಿಂದ ಕೊನೆಯ ಸ್ಟೇಷನ್ನಾದ ಸಿಎಸ್‌ಎಂಟಿಗೆ ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ. ಒಂದು ವರ್ಷಕ್ಕೆ ಗುಣಿಸಿದರೆ ಎದೆ ಧಸಕ್ಕೆನ್ನುತ್ತದೆ. ಆ ಹೊತ್ತಿನಲ್ಲಿ ಕೆಲವರು ಭಜನೆ ಹಾಡುತ್ತಾರೆ, ಕೆಲವರು ಬಟಾಣಿ ಸುಲಿಯುತ್ತಾರೆ, ಇನ್ನು ಕೆಲವರು ಚೀಲದಿಂದ ಕಡ್ಡಿ ತೆಗೆಯುತ್ತಾರೆ.

ಬಾಕ್ಸ್: ಹೆಂಗಸರ ರೈಲು
*ಚರ್ಚ್‌ಗೇಟ್‌–ಬೋರಿವಲಿ ನಡುವೆ ಇಡೀ ರೈಲನ್ನೇ ಹೆಂಗಸರಿಗೆ ಮೀಸಲಿಟ್ಟ ‘ಲೇಡೀಸ್ ಸ್ಪೆಷಲ್’ ಮೊದಲು ಓಡಿದ್ದು 1992ರ ಮೇ 5ರಂದು. ಮಿಕ್ಕ ಲೋಕಲ್‌ಗಳಲ್ಲಿ ಹೆಂಗಸರ ಡಬ್ಬಿಗಳು ಮೊದಲಿನಿಂದಲೂ ಬೇರೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಜಾಗ ಕೊಡುವುದು ಅಲ್ಲಿಯ ಅಲಿಖಿತ ಕಾನೂನು. ಹೆಣೆಯುವವಳು ಮೊಣಕೈ ಒಳಗೆಳೆದುಕೊಳ್ಳಬೇಕು ಎಂಬುದು ಅದರ ಉಪಕಲಮು.*

* * *

ನಾನು ಕಡ್ಡಿ ಹಿಡಿದದ್ದು ಇದೇ ಮೊದಲಲ್ಲ. 2020ರ ಮಾರ್ಚ್ 22ರ ನಡುರಾತ್ರಿ ಕೋವಿಡ್ಡಿನಿಂದಾಗಿ ಲೋಕಲ್‌ಗಳೇ ನಿಂತುಹೋದವಲ್ಲ, ಆ ವರ್ಷ ಮನೆಯಲ್ಲಿ ಕೂತವರೆಲ್ಲ ಏನಾದರೊಂದು ಕಲಿತರು. ಕೆಲವರು ಬ್ರೆಡ್ಡು ಮಾಡಿದರು. ನಾನು ಆನ್‌ಲೈನಿನಲ್ಲಿ ಕಡ್ಡಿ, ಉಣ್ಣೆ ತರಿಸಿ ವಿಡಿಯೊ ಹಾಕಿಕೊಂಡು ಕೂತೆ. ನೇರ ಸ್ವೆಟರಿಗೇ ಕೈಹಾಕಿದ್ದೆ. ತರಿಸಿದ್ದ ನೂಲು ಕಪ್ಪು ಬಣ್ಣದ್ದು, ಮೈತುಂಬ ರೋಮ ರೋಮ. ಚಂದ ಕಾಣುತ್ತದೆಂದು ಆರಿಸಿದ್ದು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕುಣಿಕೆ ಎಲ್ಲಿದೆ, ತೂತು ಎಲ್ಲಿದೆ ಒಂದೂ ತಿಳಿಯದು. ವಿಡಿಯೊದ ಹೆಂಗಸು ನಗುನಗುತ್ತ ಮುಂದಿನ ಸಾಲಿಗೆ ಹೋಗುತ್ತಿದ್ದಳು. ನನ್ನದು ಎಲ್ಲಿ ತಪ್ಪಿತೆಂದು ಅವಳಿಗೆ ಕಾಣುವುದು ಹೇಗೆ? ಹನ್ನೊಂದನೆಯ ದಿನ ಎಲ್ಲವನ್ನೂ ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದೆ.

ಇದನ್ನು ಕಾಕೂಗೆ ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. “ಕರೀ ನೂಲು, ಅದರಾಗ ಸ್ವೆಟರು! ರೊಟ್ಟಿ ಬಡಿಯಾಕ ಬರದಾಕಿ ಹೋಳಿಗಿಗೆ ಕೂತಂಗಾತು.”

ಅವರ ಕಟ್ಟಪ್ಪಣೆ ಹೀಗಿತ್ತು: ತಿಳಿ ಬಣ್ಣದ, ನುಣುಪಾದ, ತೀರಾ ಸಪೂರವಲ್ಲದ ನೂಲು. ಎಂಟನೇ ನಂಬರಿನ ಕಡ್ಡಿ. ಇಪ್ಪತ್ತು ಕುಣಿಕೆ. ಒಂದು ತಿಂಗಳು ಏನೂ ‘ಮಾಡಬಾರದು’, ಬರೀ ಚೌಕ ಹಾಕಬೇಕು. ಹಾಕಿದ್ದನ್ನು ಬಿಚ್ಚಬೇಕು.

ಕೆಲಸ ನೋಡಿದರೆ ನಾಲ್ಕೇ ನಾಲ್ಕು ಚಲನೆ. ಎಡಗೈ ಕಡ್ಡಿಯಲ್ಲಿ ಸಾಲಾಗಿ ಕುಣಿಕೆಗಳಿವೆ. ಬಲಗೈ ಕಡ್ಡಿಯ ಮೂತಿಯನ್ನು ಮೊದಲ ಕುಣಿಕೆಯೊಳಗೆ ತೂರಿಸು. ನೂಲನ್ನು ಮೂತಿಗೆ ಸುತ್ತು. ಸುತ್ತಿದ್ದನ್ನು ಕುಣಿಕೆಯೊಳಗಿಂದ ಎಳೆ. ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಬಿಡು. “ತೂರ್ಸು, ಸುತ್ತು, ಎಳಿ, ಬಿಡು,” ಎಂದು ಕಾಕೂ ಗಾಡಿಯ ಗಾಲಿಯ ಸದ್ದಿಗೆ ಹೊಂದಿಸಿ ಹೇಳುತ್ತಿದ್ದರು. ಮೊದಲ ವಾರ ನನಗೆ ರಾತ್ರಿ ಮಲಗಿದಾಗಲೂ ಅದೇ ಕೇಳಿಸುತ್ತಿತ್ತು.

ಇದು ಸೀದಾ ಹೆಣಿಗೆ. ಡಬ್ಬಿಯ ಮರಾಠಿಯಲ್ಲಿ ಸುಲಟ. ಇದನ್ನೇ ಹಿಂದಿನಿಂದ ಮುಂದಕ್ಕೆ ಮಾಡಿದರೆ ಉಲಟ. ಜಗತ್ತಿನಲ್ಲಿ ಎಷ್ಟು ಸ್ವೆಟರುಗಳಿವೆಯೋ ಅಷ್ಟೂ, ಅವುಗಳ ಹಗ್ಗದ ಹೆಣೆ, ಜೇನುಗೂಡು, ಎಲೆಬಳ್ಳಿ ಎಲ್ಲವೂ ಈ ಎರಡರ ಹಿಂದುಮುಂದು. ನನ್ನ ಅಜ್ಜಿ ಕಸೂತಿ ಹಾಕುತ್ತಿದ್ದಳು. ಅದರಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿಯ ಹೊಲಿಗೆ ಬಟ್ಟೆಯ ಎರಡೂ ಮುಖಕ್ಕೆ ಒಂದೇ ತೆರ ಕಾಣುತ್ತದೆ, ಗಂಟು ಎಲ್ಲೂ ಇಲ್ಲ. ಹೆಣಿಗೆಯಲ್ಲಿ ಹಾಗಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲಟ ಹಾಕಿದರೆ ಈಚೆ ಮುಖಕ್ಕೆ ಜಡೆಯ ಎಳೆಗಳ ಹಾಗೆ ಓರಣ, ಆಚೆ ಮುಖಕ್ಕೆ ಬರೀ ಉಬ್ಬು. ಒಂದು ಕುಣಿಕೆಯ ಮುಖವೇ ಇನ್ನೊಂದರ ಬೆನ್ನು ಎಂಬುದು ತಲೆಗೆ ಹೋಗಲು ನನಗೆ ಹದಿನೈದು ದಿನ ಹಿಡಿಯಿತು.

ಬಾಕ್ಸ್: ನಂಬರು ಉಲ್ಟಾ!
*ನಮ್ಮ ಅಂಗಡಿಗಳಲ್ಲಿ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರೇ ನಡೆಯುತ್ತದೆ. ನಂಬರು ಹೆಚ್ಚಿದಷ್ಟೂ ಕಡ್ಡಿ ಸಪೂರ. 8 ಎಂದರೆ 4 ಮಿಲಿಮೀಟರ್ ದಪ್ಪ, 10 ಎಂದರೆ 3.25. ‘ದೊಡ್ಡ ನಂಬರು, ದಪ್ಪ ಕಡ್ಡಿ’ ಎಂದುಕೊಂಡು 12 ತಂದವರ ಮಫ್ಲರು ಮುಗಿಯುವುದೇ ಇಲ್ಲ. ನೂಲು ಕೊಳ್ಳುವಾಗ ಪಟ್ಟಿಯ ಮೇಲಿನ ಬಣ್ಣದ ನಂಬರಿನ ಜತೆಗೆ ಲಾಟ್ ನಂಬರನ್ನೂ ನೋಡಿ, ಬೇಕಾದಷ್ಟನ್ನು ಒಮ್ಮೆಗೇ ತನ್ನಿ. ಬಣ್ಣ ಒಂದೇ ಇದ್ದು ಲಾಟ್ ಬೇರೆಯಾದರೆ ಬೆನ್ನಿನ ಮಧ್ಯೆ ಗೆರೆ ಎದ್ದು ಕಾಣುತ್ತದೆ. ನನ್ನ ಮೊದಲ ಶಾಲಿಗೆ ಆ ಗೆರೆ ಇದೆ.*

* * *

ಇಪ್ಪತ್ತು ಇಪ್ಪತ್ತೊಂಬತ್ತಾದದ್ದು ಹೇಗೆ? ಒಂಬತ್ತು ಕುಣಿಕೆ ಗಾಳಿಯಲ್ಲಿ ಹುಟ್ಟಲಿಲ್ಲವಲ್ಲ.

ಕಾಕೂ ಮಫ್ಲರಿನ ಅಂಚನ್ನು ಉಗುರಿನಿಂದ ಬಿಡಿಸಿ ತೋರಿಸಿದರು. ಸಾಲು ಮುಗಿದು ಕಡ್ಡಿ ತಿರುಗಿಸಿದಾಗ ನೂಲು ಕೆಳಗೆ, ಮುಂದುಗಡೆ ಇರಬೇಕು. ನಾನು ಅಚ್ಚುಕಟ್ಟಾಗಿರಲೆಂದು ಅದನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಹಾಗೆಳೆದಾಗ ಮೊದಲ ಕುಣಿಕೆಯ ಎರಡು ಕಾಲೂ ಮೇಲೆದ್ದು ಎರಡು ಕುಣಿಕೆಯಂತೆ ನಿಲ್ಲುತ್ತವೆ. ನಾನು ಪೆದ್ದಿ, ಎರಡನ್ನೂ ಬೇರೆ ಬೇರೆ ಹೆಣೆಯುತ್ತಿದ್ದೆ. ಹೊಸಬರ ಮಫ್ಲರುಗಳೆಲ್ಲ ಮೊರವಾಗುವುದಕ್ಕೆ ಮುಖ್ಯ ಕಾರಣ ಇದೇ. ನಾನು ನೋಡಿದ ಯಾವ ವಿಡಿಯೊದಲ್ಲೂ ಇದನ್ನು ಮೊದಲೇ ಹೇಳಿರಲಿಲ್ಲ. ಚೆನ್ನಾಗಿ ಬಲ್ಲವರ ಕೈ ಆ ತಪ್ಪನ್ನು ಮಾಡುವುದನ್ನೇ ಮರೆತಿರುತ್ತದೆ.

“ಈಗೇನ ಮಾಡೂದು ಕಾಕೂ?”

“ಬಿಚ್ಚು.”

“ಎಲ್ಲಾನೂ?”

“ಎಲ್ಲಾನೂ. ಅಂಜಬ್ಯಾಡವಾ, ನೂಲು ಎಲ್ಲೂ ಹೋಗೂದಿಲ್ಲ, ಅಲ್ಲೇ ಇರ್ತದ.”

ಮೂರು ವಾರದ ಕೆಲಸ. ಕಡ್ಡಿಯನ್ನು ಹೊರಗೆಳೆದು ನೂಲಿನ ತುದಿ ಜಗ್ಗಿದೆ. ಸರ್‌ರ್ ಎಂದು ಒಂದು ಸಾಲು ಬಿಟ್ಟಿತು, ಇನ್ನೊಂದು, ಮತ್ತೊಂದು. ಬೇಜಾರಾಗಬೇಕಿತ್ತು. ನಿಜ ಹೇಳಬೇಕೆಂದರೆ ಕಡಲೆಕಾಯಿ ಸುಲಿದಷ್ಟು ಹಿತವಾಗಿತ್ತು. ಥಾಣೆ ಬರುವ ಮೊದಲೇ ಮೊರ ಮಾಯವಾಗಿ ಮಡಿಲಲ್ಲಿ ಗುಂಗುರು ಕೂದಲಿನಂಥ ರಾಶಿ ಬಿದ್ದಿತ್ತು.

ಬಿಚ್ಚಿದ ನೂಲು ಹಳೆಯ ಕುಣಿಕೆಗಳ ನೆನಪನ್ನು ಬೇಗ ಬಿಡುವುದಿಲ್ಲ, ಮ್ಯಾಗಿಯ ಹಾಗೆ ಸುರುಳಿ ಸುರುಳಿಯಾಗಿಯೇ ಇರುತ್ತದೆ. ಅದನ್ನು ಹಾಗೇ ಹೆಣೆದರೆ ಬಟ್ಟೆ ಏರುಪೇರು. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಕೆಳತುದಿಗೆ ಭಾರ ಕಟ್ಟಿ ನೇತುಹಾಕಬೇಕು. ನಮ್ಮ ಬಾಲ್ಕನಿಯಲ್ಲಿ ಮೂರು ದಿನ ಕೆಂಪು ಲಡಿಯೊಂದು ತಾಮ್ರದ ತಂಬಿಗೆಯನ್ನು ಹೊತ್ತು ತೂಗಾಡಿತು. ಎದುರು ಮನೆಯವರು ದೃಷ್ಟಿ ತೆಗೆಯಲು ಕಟ್ಟಿದ್ದೆಂದುಕೊಂಡರು.

ನಮ್ಮ ತಾಯಂದಿರ ಕಾಲದಲ್ಲಿ ಇದು ವರ್ಷವರ್ಷದ ಮನೆಗೆಲಸ. ಮಗು ಬೆಳೆದಂತೆ ಸ್ವೆಟರು ಬಿಚ್ಚಿ, ತೊಳೆದು, ಹೊಸ ಬಣ್ಣದ ಒಂದು ಉಂಡೆ ಸೇರಿಸಿ ಮುಂದಿನ ಅಳತೆಗೆ ಹೆಣೆಯುತ್ತಿದ್ದರು. ಎರಡೂ ಕೈ ಚಾಚಿ ಲಡಿ ಹಿಡಿದು ನಿಲ್ಲುವ ಶಿಕ್ಷೆ ಮನೆಯ ಕಿರಿಯ ಮಗುವಿಗೆ. ಬಡಗಿ ತಪ್ಪು ಕೊಯ್ದರೆ ಹಲಗೆ ಹೋಯಿತು, ದರ್ಜಿ ತಪ್ಪು ಕತ್ತರಿಸಿದರೆ ಬಟ್ಟೆ ಹೋಯಿತು. ಇಲ್ಲಿ ಕತ್ತರಿಯೇ ಇಲ್ಲ. ನನ್ನಂಥ ಅಳ್ಳೆದೆಯವಳು ಎರಡನೇ ಸಲ ಬಿಟ್ಟು ಓಡದಿರಲು ಕಾರಣ ಅದೊಂದೇ ಎಂದು ಈಗ ಅನಿಸುತ್ತದೆ.

* * *

ಆದರೆ ಎಲ್ಲವನ್ನೂ ಬಿಚ್ಚಬೇಕಾಗಿಯೂ ಇಲ್ಲ. ಅದು ಗೊತ್ತಾದದ್ದು ಒಂದು ಸಂಜೆ.

ಸಿಎಸ್‌ಎಂಟಿಯಲ್ಲೇ ಹತ್ತಿದ್ದರಿಂದ ಸೀಟು ಸಿಕ್ಕಿತ್ತು. ಭಾಯಖಳಾ ದಾಟುತ್ತಿದ್ದಂತೆ ಯಾರದೋ ಚೀಲ ಮೊಣಕೈಗೆ ತಾಗಿ ಕಡ್ಡಿಯಿಂದ ಒಂದು ಕುಣಿಕೆ ಜಾರಿತು. ಜಾರಿದ ಕುಣಿಕೆ ಸುಮ್ಮನಿರುವುದಿಲ್ಲ. ತನ್ನ ಕೆಳಗಿನದನ್ನು ಬಿಡಿಸುತ್ತದೆ, ಅದು ಅದರ ಕೆಳಗಿನದನ್ನು. ನೋಡನೋಡುತ್ತಿದ್ದಂತೆ ಬಟ್ಟೆಯ ಮಧ್ಯೆ ಆರು ಮೆಟ್ಟಿಲಿನ ಏಣಿಯೊಂದು ತೆರೆದುಕೊಂಡಿತು. ಬುಡದಲ್ಲಿ ಆ ಪುಟ್ಟ ಕುಣಿಕೆ ಕಣ್ಣು ಬಿಟ್ಟುಕೊಂಡು ನಿಂತಿತ್ತು.

ಆ ದಿನ ಕಾಕೂ ಜತೆಗಿರಲಿಲ್ಲ. ಉಸಿರು ಬಿಗಿಹಿಡಿದು ಮೊದಲು ಆ ಕುಣಿಕೆಗೆ ಸೆರಗಿನ ಪಿನ್ನು ಹಾಕಿದೆ, ಇನ್ನೂ ಜಾರದ ಹಾಗೆ. ಆಮೇಲೆ ಮುಡಿಯಿಂದ ಒಂದು ಹೇರ್‌ಪಿನ್ ತೆಗೆದು ಅದರ ಬಾಗಿದ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಮೇಲಿನ ಮೊದಲ ಮೆಟ್ಟಿಲಿನ ನೂಲನ್ನು ಕೊಕ್ಕೆಗೆ ಸಿಕ್ಕಿಸಿ ಒಳಗಿಂದ ಎಳೆದೆ. ಏಣಿಯ ಒಂದು ಮೆಟ್ಟಿಲು ಮುಚ್ಚಿತು. ಕುಣಿಕೆ ಒಂದು ಸಾಲು ಮೇಲೆ ಹತ್ತಿ ಕೂತಿತು. ಹಾಗೇ ಎರಡನೆಯದು, ಮೂರನೆಯದು. ನಾಲ್ಕನೆಯದರಲ್ಲಿ ಅರ್ಧ ಎಳೆ ಮಾತ್ರ ಸಿಕ್ಕಿ ನೂಲು ಸೀಳಿತು. ಹಿಂದಕ್ಕೆ ಹೋಗಿ ಮತ್ತೆ ಹಿಡಿದೆ. ದಾದರಿನ ಜನ ನುಗ್ಗುವಷ್ಟರಲ್ಲಿ ಆರನೆಯದೂ ಮುಗಿದು ಕುಣಿಕೆ ಕಡ್ಡಿಗೆ ವಾಪಸಾಗಿತ್ತು. ಎಲ್ಲಿ ಬಿಟ್ಟಿತ್ತೆಂದು ಹುಡುಕಿದೆ, ಗುರುತು ಸಿಗಲಿಲ್ಲ.

ಹೆಣಿಗೆ ಬಂತು ಎಂದು ನನಗನಿಸಿದ್ದು ಅವತ್ತು. ನಾಲ್ಕು ಚಲನೆ ಯಾರಿಗಾದರೂ ಬರುತ್ತದೆ. ಬಟ್ಟೆಯನ್ನು ಓದಲು, ಈ ಉಬ್ಬು ಉಲಟ, ಈ ಜಡೆ ಸುಲಟ, ಇಲ್ಲಿ ಒಂದು ತಪ್ಪಿದೆ, ಇಲ್ಲಿ ಒಂದು ಹೆಚ್ಚಿದೆ ಎಂದು ಕಣ್ಣಿಗೆ ತಿಳಿಯಲು ತಿಂಗಳುಗಳು ಬೇಕು.

ರೈಲು ಇನ್ನೂ ಕೆಲವು ಪಾಠ ಹೇಳಿತು. ಉದ್ದನೆಯ ನೆಟ್ಟಗಿನ ಕಡ್ಡಿ ಪಕ್ಕದವಳ ಪಕ್ಕೆಗೆ ಚುಚ್ಚುತ್ತದೆ, ಆದ್ದರಿಂದ ನಡುವೆ ಪ್ಲಾಸ್ಟಿಕ್ಕಿನ ತಂತಿಯಿರುವ ಗಿಡ್ಡ ಜೋಡುಕಡ್ಡಿ ಒಳ್ಳೆಯದು. ಕೈಜಾರಿದರೂ ಎರಡೂ ಒಟ್ಟಿಗೇ ಇರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಅಂಗೈ ಬೆವೆತು ಅಕ್ರಿಲಿಕ್ ನೂಲು ಕಡ್ಡಿಯ ಮೇಲೆ ಕೀಚ್ ಎನ್ನುತ್ತದೆ. ಅಂಗೈಗೆ ಒಂದಿಷ್ಟು ಪೌಡರು, ಅದಕ್ಕೂ ಬಗ್ಗದಿದ್ದರೆ ಹತ್ತಿಯ ನೂಲು. ಬೆಳಿಗ್ಗೆ ಥಾಣೆ ಬಂತೆಂದರೆ ಎಲ್ಲವೂ ಚೀಲಕ್ಕೆ. ಆ ಮೇಲಿನ ಜಂಗುಳಿಯಲ್ಲಿ ಕಡ್ಡಿ ಹಿಡಿಯುವುದು ಅಪಾಯ, ಅಷ್ಟೇ ಅಲ್ಲ, ನಿಂತವರಿಗೆ ಅವಮಾನ. ಹಾಗಾಗಿ ಬೆಳಗಿನ ಹೊತ್ತು ನನಗೆ ದಕ್ಕುತ್ತಿದ್ದದ್ದು ಡೊಂಬಿವಲಿಯಿಂದ ಥಾಣೆಯವರೆಗಿನ ಇಪ್ಪತ್ತು, ಇಪ್ಪತ್ತೈದು ನಿಮಿಷ. ಎಂಟು ಸಾಲು. ಭಾನುವಾರ ಮನೆಯಲ್ಲಿ ಮೂರು ಗಂಟೆ ಬಿಡುವಿದ್ದರೂ ಕಡ್ಡಿ ಮುಟ್ಟುತ್ತಿರಲಿಲ್ಲ. ಸೋಮವಾರ ಕೋಪರ್ ಬರುವಷ್ಟರಲ್ಲಿ ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು. ಛಲ ಗಿಲ ಏನಿಲ್ಲ, ಟೈಂಟೇಬಲ್ಲು ಮಾಡಿಸಿದ ಕೆಲಸ.

ಹೆಣಿಗೆ ಮನಸ್ಸಿಗೆ ಒಳ್ಳೆಯದು ಎನ್ನುವ ಮಾತು ಈಗ ಬಹಳ ಕೇಳಿಬರುತ್ತದೆ. 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ಪತ್ರಿಕೆಯೊಂದರಲ್ಲಿ 3,545 ಹೆಣಿಗೆಯವರ ಸಮೀಕ್ಷೆ ಬಂತು. ಹೆಚ್ಚು ಸಲ ಹೆಣೆಯುವವರು ತಮಗೆ ಹೆಚ್ಚು ನೆಮ್ಮದಿ ಎಂದು ಹೇಳಿಕೊಂಡಿದ್ದರು. ಸರಿಯೇ. ಆದರೆ ಅದಕ್ಕೆ ಉತ್ತರ ಬರೆದವರೆಲ್ಲ ಹೆಣೆಯುತ್ತ ಉಳಿದವರು. ಅಟ್ಟಕ್ಕೆ ಕವರು ಎಸೆದವರನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ.

* * *

ಕಾಕೂ ಕಲಿತದ್ದು ತಾಯಿಯಿಂದ. ಆ ತಾಯಿ ಕಲಿತದ್ದು 1962ರಲ್ಲಿ, ಸೊಲ್ಲಾಪುರದಲ್ಲಿ, ಹೊಸ ಮದುಮಗಳಾಗಿದ್ದಾಗ. ಮುಂಬಯಿ ಚಳಿಗೆ ನಡುಗಿದ ವರ್ಷವೇ ಅದು. ಅಕ್ಟೋಬರಿನಲ್ಲಿ ಚೀನಾ ಯುದ್ಧವೂ ಬಂತು. ಹಿಮಾಲಯದ ಎತ್ತರಕ್ಕೆ ಕಳಿಸಿದ ಜವಾನರಿಗೆ ಸಾಕಷ್ಟು ಬೆಚ್ಚನೆಯ ಬಟ್ಟೆ ಇಲ್ಲ ಎಂಬ ಸುದ್ದಿ ಹಬ್ಬಿದಾಗ ದೇಶದ ಉದ್ದಗಲಕ್ಕೂ ಹೆಂಗಸರು ಕಡ್ಡಿ ಹಿಡಿದರು. ಶಾಲೆಗಳಲ್ಲಿ, ಮಹಿಳಾ ಸಮಾಜಗಳಲ್ಲಿ, ಜಗುಲಿಗಳಲ್ಲಿ ಸ್ವೆಟರು, ಕಾಲುಚೀಲ, ಮಫ್ಲರು. ಉಣ್ಣೆಯನ್ನೇ ಕಾಣದ ಊರುಗಳೂ ಆ ಚಳಿಗಾಲದಲ್ಲಿ ಹೆಣಿಗೆ ಕಲಿತವು. “ನಮ್ಮವ್ವನ ಮೊದಲ್ನೇ ಸ್ವೆಟರಿಗೆ ಒಂದು ತೋಳು ಉದ್ದ ಆಗಿತ್ತಂತ,” ಎಂದು ಕಾಕೂ ಹೇಳುತ್ತಾರೆ. “ಅದನ್ನೂ ಕಳ್ಸಿದ್ರು. ಯಾವ ಜವಾನ ಹಾಕ್ಕೊಂಡ್ನೋ.”

ಹಾಗೆ ನೋಡಿದರೆ ನಮ್ಮ ಸೀಮೆಗೆ ಉಣ್ಣೆ ಹೊಸದೇನಲ್ಲ. ದಖ್ಖನಿ ಕುರಿಯ ಒರಟು ಉಣ್ಣೆಯಿಂದ ಕುರುಬರು ನೇಯುವ ಕರಿ ಕಂಬಳಿ, ಅದಕ್ಕೆ ಹುಣಸೆ ಬೀಜದ ಗಂಜಿ. ಆದರೆ ಕಂಬಳಿ ಮಗ್ಗದ್ದು, ಹಾಸು ಹೊಕ್ಕು ಎರಡು ನೂಲಿನದು. ಹೆಣಿಗೆಗೆ ಒಂದೇ ನೂಲು ಸಾಕು. ಕಡ್ಡಿಯ ಹೆಣಿಗೆ ನಮ್ಮಲ್ಲಿಗೆ ಬಂದದ್ದು ಮಿಷನರಿ ಶಾಲೆಗಳ, ಸಾಹೇಬರ ಬಂಗಲೆಗಳ ದಾರಿಯಲ್ಲಿ. ನಾವು ಹುಬ್ಬಳ್ಳಿ ಧಾರವಾಡದ ಮಕ್ಕಳಿಗೆ ಸ್ವೆಟರ್ ಎಂದರೆ ಚಳಿಗಾಲದಲ್ಲಿ ಬೀದಿಬದಿ ಅಂಗಡಿ ಹಾಕುತ್ತಿದ್ದ ಟಿಬೆಟಿಯನ್ನರು. ಮುಂಡಗೋಡಿನಲ್ಲಿ ಅವರ ಶಿಬಿರ ನೆಲೆಯಾದದ್ದು 1960ರ ದಶಕದಲ್ಲಿ. ಆ ಸ್ವೆಟರುಗಳನ್ನು ಅವರ ಅಜ್ಜಿಯಂದಿರೇ ಹೆಣೆಯುತ್ತಾರೆಂದು ಬಹಳ ವರ್ಷ ನಂಬಿದ್ದೆ. ಬಹುಪಾಲು ಲುಧಿಯಾನದ ಮಷಿನ್ನಿನವು ಎಂದು ತಿಳಿದಾಗ ಯಾಕೋ ಸಣ್ಣಗೆ ಮೋಸಹೋದಂತಾಯಿತು.

ಬಾಕ್ಸ್: ಶುರುವಾದದ್ದು ಹತ್ತಿಯಲ್ಲಿ
*ಕಡ್ಡಿಯಲ್ಲಿ ಹೆಣೆದ, ನಮಗೆ ಸಿಕ್ಕಿರುವ ಅತಿ ಹಳೆಯ ವಸ್ತುಗಳೆಂದರೆ ಈಜಿಪ್ಟಿನ ಕಾಲುಚೀಲಗಳು, ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದಿನವು. ಅವುಗಳಲ್ಲಿ ಅನೇಕವು ನೀಲಿ, ಬಿಳಿ ಹತ್ತಿಯವು! ಸೆಖೆಯ ಊರಿನವರು ಹೆಣೆಯುವುದೇಕೆ ಎಂದು ಕೇಳುವವರಿಗೆ ಇದನ್ನು ಹೇಳಬಹುದು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕೈಹೆಣಿಗೆಯವರ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ರಾಣಿ ಎಲಿಜಬೆತ್ ಅದಕ್ಕೆ ಪೇಟೆಂಟ್ ಕೊಡಲಿಲ್ಲವೆಂದು ಕಥೆ. ಯುರೋಪಿನ ಹಳೆಯ ಹೆಣಿಗೆ ಸಂಘಗಳಲ್ಲಿ ಇದ್ದವರು ಗಂಡಸರು. 2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಡೈವಿಂಗ್ ಚಿನ್ನ ಗೆದ್ದ ಟಾಮ್ ಡೇಲಿ ಪ್ರೇಕ್ಷಕರ ನಡುವೆ ಕೂತು ಹೆಣೆದದ್ದನ್ನು ಜಗತ್ತೇ ಬೆರಗಾಗಿ ನೋಡಿತು. ತನ್ನ ಪದಕಕ್ಕೂ ಒಂದು ಚೀಲ ಹೆಣೆದಿದ್ದ.*

* * *

ಈ ಊರಿನಲ್ಲಿ ಹತ್ತಿ ನೂಲಿಗೆ ಇನ್ನೊಂದು ಕೆಲಸವೂ ಇದೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆದದ್ದು 1941ರಲ್ಲಿ. ಕ್ಯಾನ್ಸರ್ ಎಂದರೆ ದೇಶದ ಮೂಲೆಮೂಲೆಯಿಂದ ಜನ ಬರುವುದು ಅಲ್ಲಿಗೆ. ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಹೆಂಗಸರಿಗೆ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಪ್ರಾಸ್ಥೆಸಿಸ್ ತುಟ್ಟಿ, ಭಾರ, ನಮ್ಮ ಸೆಖೆಯಲ್ಲಿ ಬೆವರುಕೊಳವೇ. ಅಮೆರಿಕದ ಬಾರ್ಬರಾ ಡೆಮೊರೆಸ್ಟ್ ತಮಗೇ ಅಂಥ ಶಸ್ತ್ರಚಿಕಿತ್ಸೆಯಾದಾಗ ಗೆಳತಿಯೊಬ್ಬಳು ನೂಲಿನಲ್ಲಿ ಹೆಣೆದುಕೊಟ್ಟ ಹಗುರವಾದ ಸ್ತನವನ್ನು ತೊಟ್ಟು, ಅದನ್ನೇ ಒಂದು ಚಳವಳಿ ಮಾಡಿದರು. ಮುಂಬಯಿಯಲ್ಲಿ ಈ ಕೆಲಸವನ್ನು ಸಾಯಿಶಾ ಇಂಡಿಯಾ ಫೌಂಡೇಶನ್ ಮಾಡುತ್ತಿದೆ. ಸ್ವಯಂಸೇವಕಿಯರು ಮೆತ್ತನೆಯ ಹತ್ತಿ ನೂಲಿನಲ್ಲಿ ಹೆಣೆದು, ಒಳಗೆ ಹಗುರ ಫೈಬರ್ ತುಂಬಿ, ಬೇಕಾದವರಿಗೆ ದುಡ್ಡು ತೆಗೆದುಕೊಳ್ಳದೆ ಕೊಡುತ್ತಾರೆ. ಒಗೆಯಬಹುದು, ಫೈಬರನ್ನು ಹೆಚ್ಚುಕಡಿಮೆ ಮಾಡಿ ಇನ್ನೊಂದು ಬದಿಗೆ ಸರಿಹೊಂದಿಸಿಕೊಳ್ಳಬಹುದು.

ಇದರ ಹೆಣಿಗೆಯಲ್ಲಿ ‘ನಡೆಯುತ್ತದೆ ಬಿಡು’ ನಡೆಯುವುದಿಲ್ಲ. ಹಸಿ ಗಾಯದ ಗೆರೆಯ ಮೇಲೆ ಕೂರುವ ವಸ್ತುವಿನಲ್ಲಿ ಒಂದು ಗಂಟು ಉಬ್ಬಿದರೂ ಚುಚ್ಚುತ್ತದೆ. ನನ್ನ ಕೈ ಇನ್ನೂ ಅಷ್ಟು ಪಳಗಿಲ್ಲ. ಕಾಕೂ ನನ್ನ ಚೌಕಗಳನ್ನು ಕೆನ್ನೆಗೆ ಒತ್ತಿ ನೋಡಿ, “ಇನ್ನಾ ವರ್ಷ ಬೇಕು,” ಎನ್ನುತ್ತಾರೆ.

ನಾನು ಹಿಡಿದದ್ದು ಕುಲಾವಿ.

ತಂಗಿಗೆ ಧಾರವಾಡದಲ್ಲಿ ಡಿಸೆಂಬರಿಗೆ ದಿನ ತುಂಬುತ್ತಿತ್ತು. ಹುಟ್ಟಿದ ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಮೈಯ ಮೇಲ್ಮೈಯಲ್ಲಿ ಐದನೇ ಒಂದು ಭಾಗದಷ್ಟು ತಲೆಯದೇ. ಮೈಯ ಕಾವು ಸೋರುವುದು ಅಲ್ಲಿಂದ. ಅದಕ್ಕೇ ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯಲ್ಲಿ ಮೈಮೇಲೆ ಬೇರೇನಿಲ್ಲದಿದ್ದರೂ ಟೊಪ್ಪಿಗೆ ಇರುತ್ತದೆ. ಧಾರವಾಡದ ಥಂಡಿ ಇರಲಿ, ಮುಂಬಯಿಯ ಸೆಖೆಯಲ್ಲೂ ಬೆಚ್ಚಗಿನ ಉಡುಪು ನಿಜಕ್ಕೂ ಬೇಕಾಗುವ ಒಬ್ಬ ಗಿರಾಕಿ ಎಂದರೆ ಆಗತಾನೆ ಹುಟ್ಟಿದ ಕೂಸು.

ಎಪ್ಪತ್ತೆರಡು ಕುಣಿಕೆ ಏರಿಸಿದೆ. ನೆತ್ತಿಯ ಕಡೆ ಎರಡೆರಡನ್ನು ಒಂದು ಮಾಡುತ್ತ ಇಳಿಸುವುದು, ಹಿಂದೆ ಕುತ್ತಿಗೆ ಮುಚ್ಚುವ ಇಳಿಬಿದ್ದ ತುಂಡು, ಕಟ್ಟಲು ಎರಡು ಲಾಡಿ. ಒಟ್ಟು ಮೂರು ಸಾವಿರ ಕುಣಿಕೆಯಷ್ಟು. ನಡುವೆ ಎರಡು ಸಲ ಬಿಚ್ಚಿದೆ. ಒಮ್ಮೆ ತೆಂಗಿನಕಾಯಿಗೆ ಹಾಕಿ ಅಳತೆ ನೋಡಿದ್ದಕ್ಕೆ ಗಂಡ ಇವತ್ತಿಗೂ ನಗುತ್ತಾನೆ. ನೂಲು ಅದೇ ಕೆಂಪು, ಮೊದಲ ಮೊರದ್ದು, ತಂಬಿಗೆ ಹೊತ್ತು ತೂಗಾಡಿದ್ದು. ಮುಗಿದ ದಿನ ಕಾಕೂ ಅದನ್ನು ಮುಷ್ಟಿಗೆ ತೊಡಿಸಿ, ತಿರುಗಿಸಿ, ಒಳಮುಖ ನೋಡಿದರು. “ಎಡಗಡೆ ಲಾಡಿ ಒಂದು ಬಟ್ಟು ಉದ್ದ ಆಗೇದ,” ಎಂದರು. ಅಷ್ಟೇ. ಡಬ್ಬಿಯಲ್ಲಿ ಅದು ಕೈಯಿಂದ ಕೈಗೆ ಬಾಗಿಲವರೆಗೆ ಹೋಗಿ ಬಂತು. ಯಾರೋ ಅದರೊಳಗೆ ಹನ್ನೊಂದು ರೂಪಾಯಿ ಇಟ್ಟಿದ್ದರು.

ಕೂಸು ಹುಟ್ಟಿತು. ಕುಲಾವಿ ಹಾಕಿಕೊಂಡ ಫೋಟೊ ಬಂತು, ಕಣ್ಣು ಅರ್ಧ ಮುಚ್ಚಿ ಹೋಗಿತ್ತು. ಸಂಕ್ರಾಂತಿಗೆ ಇನ್ನೊಂದು ಫೋಟೊ, ಆಗ ಸರಿಯಾಗಿ ಕೂತಿತ್ತು. ಶಿವರಾತ್ರಿಯ ಹೊತ್ತಿಗೆ ತಂಗಿಯ ಫೋನು: “ಅಕ್ಕಾ, ತಲಿಗೆ ಏರವಲ್ದು. ಕೊಟ್ಟು ಕಳಸ್ತೀನಿ, ಅದರಾಗ ಏನರೆ ಮಾಡು.”

ಊರಿನಿಂದ ಬಂದವರ ಕೈಯಲ್ಲಿ ಪೇಪರಿನಲ್ಲಿ ಸುತ್ತಿಕೊಂಡು ಅದು ಬಂತು. ಕೊಬ್ಬರಿ ಎಣ್ಣೆಯ, ಲೋಬಾನದ, ಹಾಲು ಕಕ್ಕಿದ ವಾಸನೆ. ಒಂದು ವಾರ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಒಂದು ಬೆಳಿಗ್ಗೆ ದಿವಾ ದಾಟಿದ ಮೇಲೆ ಹೊರತೆಗೆದು ನೆತ್ತಿಯ ಗಂಟು ಹುಡುಕಿದೆ. ನಾನೇ ಹಾಕಿದ್ದು, ಬಿಗಿಯಾಗಿತ್ತು. ಕಾಕೂ ಸೆರಗಿನ ಪಿನ್ನು ಕೊಟ್ಟರು. ಗಂಟು ಬಿಟ್ಟಿತು. ನೂಲಿನ ತುದಿಯನ್ನು ನಾನು ಜಗ್ಗಿದೆ, ಅವರು ಉಂಡೆ ಸುತ್ತಿದರು.

“ಕಾಲುಚೀಲಕ್ಕ ಆಗ್ತದ,” ಎಂದರು ಕಾಕೂ. “ನಡ್ಯಾಕ ಬರೂದ್ರೊಳಗ ಮುಗ್ಸು.”

ಥಾಣೆಗೆ ಇನ್ನೂ ಎರಡು ನಿಮಿಷವಿತ್ತು. ನಲವತ್ತು ಕುಣಿಕೆ ಏರಿಸಿದೆ.